ಬೇಜಾರಿಗೆ ಎಷ್ಟು ಮಾರ್ಕ್ಸು?

ಮೊದಲು ಒಂದು ಲೆಕ್ಕ. ಒಬ್ಬಾಕೆ ಅಮೆರಿಕದ ಯೂಟಾದಲ್ಲಿದ್ದಾಳೆ, ಇನ್ನೊಬ್ಬಾಕೆ ನೆದರ್‌ಲ್ಯಾಂಡ್ಸ್‌ನಲ್ಲಿ. ಇಬ್ಬರೂ ಮನಸ್ಸು ಸರಿಯಿಲ್ಲ ಅಂತ ಥೆರಪಿಸ್ಟ್ ಹತ್ತಿರ ಹೋಗುತ್ತಾರೆ. ಇಬ್ಬರ ಕೈಗೂ 45 ಪ್ರಶ್ನೆಗಳ ಒಂದೇ ಫಾರಂ ಸಿಗುತ್ತದೆ, ಒಬ್ಬಳಿಗೆ ಇಂಗ್ಲಿಷಿನಲ್ಲಿ, ಇನ್ನೊಬ್ಬಳಿಗೆ ಡಚ್ ಭಾಷೆಯಲ್ಲಿ. ಇಬ್ಬರಿಗೂ 80 ಅಂಕ ಬರುತ್ತದೆ. ಇದು ಎಸ್ಸೆಸ್ಸೆಲ್ಸಿ ಅಲ್ಲ, ಇಲ್ಲಿ ಅಂಕ ಜಾಸ್ತಿ ಬಂದಷ್ಟೂ ಕಷ್ಟ ಜಾಸ್ತಿ. ಕೆಲವು ತಿಂಗಳು ಥೆರಪಿ ನಡೆಯುತ್ತದೆ. ಕೊನೆಗೆ ಇಬ್ಬರೂ 60ಕ್ಕೆ ಇಳಿಯುತ್ತಾರೆ. ಯೂಟಾದವಳ ಲೆಕ್ಕ ‘ಗುಣವಾದರು’ ಅನ್ನುವ ಪಟ್ಟಿಗೆ ಸೇರುತ್ತದೆ. ಡಚ್ ಹೆಂಗಸಿನ ಲೆಕ್ಕ ‘ಸುಧಾರಿಸಿದರು, ಆದರೆ ಗುಣವಾಗಲಿಲ್ಲ’ ಅನ್ನುವ ಪಟ್ಟಿಗೆ.

ಹೆಂಗಸರಿಬ್ಬರೂ ನನ್ನ ಕಲ್ಪನೆ. ಆದರೆ ಫಾರಂ ನಿಜ, ಅದರ ಗೆರೆಗಳೂ ನಿಜ. ಹೆಸರು ಔಟ್‌ಕಮ್ ಕ್ವೆಶ್ಚನೇರ್-45, ಚಿಕ್ಕದಾಗಿ ಓಕ್ಯೂ-45. ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಮೈಕಲ್ ಲ್ಯಾಂಬರ್ಟ್ ಮತ್ತು ಜೊತೆಗಾರರು 1990ರ ದಶಕದಲ್ಲಿ ಮಾಡಿದ್ದು. ಒಂದೊಂದು ಪ್ರಶ್ನೆಗೂ 0ಯಿಂದ 4, ಒಟ್ಟು 180. ಅಮೆರಿಕದಲ್ಲಿ ಥೆರಪಿಗೆ ಬರುವವರಿಗೂ ಊರಿನ ಉಳಿದ ಜನಕ್ಕೂ ನಡುವೆ ಎಳೆದ ಗೆರೆ 63-64ರ ಹತ್ತಿರ ಇದೆ. 2007ರಲ್ಲಿ ಕಿಮ್ ದೆ ಯೋಂಗ್ ಮತ್ತು ಸಂಗಡಿಗರು ಡಚ್ ಅನುವಾದವನ್ನು ಡಚ್ಚರ ಮೇಲೆಯೇ ಪರೀಕ್ಷಿಸಿ ಪ್ರಕಟಿಸಿದಾಗ ಗೆರೆ 55ಕ್ಕೆ ಬಂತು. ಅರವತ್ತು ಅಂಕದವಳು ಒಂದು ದೇಶದಲ್ಲಿ ಗೆರೆಯ ಈಚೆ, ಇನ್ನೊಂದರಲ್ಲಿ ಆಚೆ.

ಅಷ್ಟಕ್ಕೇನು ಅಂತೀರಾ? ಯಾವ ಥೆರಪಿಗೆ ದುಡ್ಡು ಕೊಡಬೇಕು, ಯಾವ ಕ್ಲಿನಿಕ್ ಚೆನ್ನಾಗಿದೆ, ಈ ರೋಗಿಗೆ ಇನ್ನೂ ನಾಲ್ಕು ಸಲ ಬರಲು ಹೇಳಬೇಕೇ ಬೇಡವೇ ಅನ್ನುವುದಕ್ಕೆಲ್ಲ ಇಂಥ ಅಂಕಗಳನ್ನೇ ನೋಡುತ್ತಾರೆ. ನಾವು ಬ್ಲಾಗಿನವರು ಅನುವಾದ ಅಂದ ಕೂಡಲೇ ಕವಿತೆ, ಕಾದಂಬರಿ ಅಂತ ಜಗಳಕ್ಕೆ ನಿಲ್ಲುತ್ತೇವೆ. ಕವಿತೆಯ ಅನುವಾದ ಕೆಟ್ಟರೆ ಓದುಗ ಪುಟ ಮಗುಚುತ್ತಾನೆ, ಅಷ್ಟೇ. ಈ ಫಾರಮ್ಮಿನ ಅನುವಾದ ಕೆಟ್ಟರೆ ಆರಾಮಾಗದ ಮನುಷ್ಯನನ್ನು ಆರಾಮಾಗಿದ್ದೀರಿ ಅಂತ ಮನೆಗೆ ಕಳಿಸುತ್ತಾರೆ. ಅದಕ್ಕೇ ಇದರ ಚರಿತ್ರೆ ಸ್ವಲ್ಪ ಕೆದಕೋಣ ಅನ್ನಿಸಿತು.

ಶುರುವಾಗಿದ್ದು ಒಂದು ಜಗಳದಿಂದ. 1952ರಲ್ಲಿ ಲಂಡನ್ನಿನ ಹಾನ್ಸ್ ಐಸೆಂಕ್ ಒಂದು ಚಿಕ್ಕ ಲೇಖನ ಬರೆದ. ಅದುವರೆಗೆ ಬಂದಿದ್ದ 24 ವರದಿಗಳನ್ನು ಒಟ್ಟು ಹಾಕಿ ಅವನು ಕೊಟ್ಟ ಲೆಕ್ಕ ಹೀಗಿತ್ತು: ಫ್ರಾಯ್ಡ್ ಮಾದರಿಯ ಮನೋವಿಶ್ಲೇಷಣೆ ಮಾಡಿಸಿಕೊಂಡವರಲ್ಲಿ ಶೇ. 44 ಮಂದಿ ಸುಧಾರಿಸಿದರು, ಅದೂ ಇದೂ ಬೆರೆತ ಥೆರಪಿಯವರಲ್ಲಿ ಶೇ. 64, ಥೆರಪಿ ಅನ್ನುವುದೇ ಇಲ್ಲದೆ ಆಸ್ಪತ್ರೆಯಲ್ಲೋ ಸಾಮಾನ್ಯ ಡಾಕ್ಟರ ಕೈಯಲ್ಲೋ ಇದ್ದವರಲ್ಲಿ ಶೇ. 72! ಅಂದರೆ ಥೆರಪಿ ಜಾಸ್ತಿಯಾದಷ್ಟೂ ಗುಣ ಕಡಿಮೆ. ಇಡೀ ವೃತ್ತಿಯೇ ಅವನ ಮೇಲೆ ಮುಗಿಬಿತ್ತು.

ನನಗೆ ಕುತೂಹಲ ಹುಟ್ಟಿಸಿದ್ದು ಆ 72 ಎಲ್ಲಿಂದ ಬಂತು ಅನ್ನುವುದು. ಒಂದು ಮೂಲ, ನ್ಯೂಯಾರ್ಕ್ ರಾಜ್ಯದ ಆಸ್ಪತ್ರೆಗಳಿಂದ ಬಿಡುಗಡೆಯಾದವರ ಲೆಕ್ಕ. ಇನ್ನೊಂದು, ವಿಮಾ ಕಂಪನಿಯಿಂದ ಅಂಗವಿಕಲ ಭತ್ಯೆ ಪಡೆಯುತ್ತಿದ್ದ 500 ಮಂದಿಯ ಲೆಕ್ಕ. ಆಸ್ಪತ್ರೆಯವರಿಗೆ ‘ಸುಧಾರಣೆ’ ಅಂದರೆ ಮನೆಗೆ ಕಳಿಸುವಷ್ಟು ಆಗಿರುವುದು. ವಿಮೆಯವರಿಗೆ ಕೆಲಸಕ್ಕೆ ವಾಪಸ್ ಹೋಗಿರುವುದು. ಮನೋವಿಶ್ಲೇಷಕನಿಗೆ ಇನ್ನೇನೋ. ಸೇರು, ಪಾವು, ಕೊಳಗ ಮೂರನ್ನೂ ಒಂದೇ ರಾಶಿಗೆ ಸುರಿದು ‘ಇಷ್ಟು ಭತ್ತ’ ಅಂದ ಹಾಗೆ. ಇನ್ನೂ ಅನುವಾದದ ಮಾತೇ ಇಲ್ಲ, ಇಂಗ್ಲಿಷಿನ ಒಂದೇ ಪದ ಮೂರು ಕಡೆ ಮೂರು ಅರ್ಥ ಕೊಡುತ್ತಿತ್ತು.

ಹಾಗಾದರೆ ಎಲ್ಲರಿಗೂ ಒಂದೇ ಅಳತೆ ಬೇಕಲ್ಲ? 1960ರಲ್ಲಿ ಲೀಡ್ಸ್‌ನ ಮ್ಯಾಕ್ಸ್ ಹ್ಯಾಮಿಲ್ಟನ್ ಖಿನ್ನತೆಗೆ ಒಂದು ಅಳತೆಪಟ್ಟಿ ಮಾಡಿದ, ಅದರಲ್ಲಿ ಅಂಕ ಹಾಕುವವನು ಡಾಕ್ಟರು. ಮರುವರ್ಷ ಫಿಲಡೆಲ್ಫಿಯಾದ ಆರನ್ ಬೆಕ್ ಇನ್ನೊಂದು ಮಾಡಿದ, 21 ವಿಷಯ, ಪ್ರತಿಯೊಂದಕ್ಕೂ 0ಯಿಂದ 3. ಬೆಕ್ ಪಟ್ಟಿಯ ವಿಶೇಷ ಏನೆಂದರೆ ಅದರ ವಾಕ್ಯಗಳು ಅವನೂ ಅವನ ಜೊತೆಗಾರರೂ ನೋಡುತ್ತಿದ್ದ ರೋಗಿಗಳ ದೂರುಗಳಿಂದಲೇ ಹುಟ್ಟಿದವು. ಅಂಕ ಹಾಕುವವನೂ ರೋಗಿಯೇ. ಥೆರಪಿಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ. ಕಳೆದರೆ ಬಂದಿದ್ದೇ ಫಲ. ಇಷ್ಟು ಸುಲಭದ ಅಳತೆ ಸಿಕ್ಕ ಮೇಲೆ ಪ್ರಪಂಚ ಸುಮ್ಮನಿರುತ್ತದೆಯೇ, ಎಲ್ಲರೂ ತಂತಮ್ಮ ಭಾಷೆಗೆ ಇಳಿಸಿಕೊಳ್ಳಲು ಹೊರಟರು.

ಅಲ್ಲಿಂದ ತಮಾಷೆ ಶುರು. ಹಾಪ್ಕಿನ್ಸ್ ಪಟ್ಟಿ ಅಂತ ಒಂದಿದೆ, ಅದರಲ್ಲಿ ‘ನೀಲಿಯಾಗಿದ್ದೀರಾ’ ಎಂಬರ್ಥದ ಪ್ರಶ್ನೆ ಇದೆ. 1977ರ ಇನ್ನೊಂದು ಅಮೆರಿಕನ್ ಪಟ್ಟಿಯಲ್ಲೂ ಇದೇ ನೀಲಿ ಬರುತ್ತದೆ. ಇಂಗ್ಲಿಷಿನವರಿಗೆ ನೀಲಿ ಅಂದರೆ ಮಂಕು. ನಮಗೆ ನೀಲಿ ಅಂದರೆ ಬಿಳಿ ಪಂಚೆಗೆ ಹಾಕುವುದು :-) ಹೆರಿಗೆಯಾದ ತಾಯಂದಿರಿಗೆಂದು 1987ರಲ್ಲಿ ಬಂದ ಎಡಿನ್‌ಬರೋ ಪಟ್ಟಿಯಲ್ಲಿ ‘ಎಲ್ಲವೂ ನನ್ನ ಮೇಲೇರಿ ಕೂತಿವೆ’ ಅನ್ನುವಂಥ ಮಾತಿದೆ. ಇದನ್ನು ಕನ್ನಡಕ್ಕೆ ‘ಯಾವುದೂ ನಿಭಾಯಿಸೋಕೆ ಆಗ್ತಿಲ್ಲ’ ಅಂತ ಮಾಡಬಹುದು, ‘ತಲೆ ಮೇಲೆ ಬೆಟ್ಟ ಬಿದ್ದ ಹಾಗಿದೆ’ ಅಂತಲೂ ಮಾಡಬಹುದು. ಮೊದಲನೆಯದಕ್ಕೆ ಬಾಣಂತಿ ಸುಲಭವಾಗಿ ಹೂಂ ಅನ್ನುತ್ತಾಳೆ. ಎರಡನೆಯದಕ್ಕೆ ‘ಅಯ್ಯೋ ಅಷ್ಟೇನಿಲ್ಲಪ್ಪ’ ಅನ್ನುತ್ತಾಳೆ. ಎರಡೂ ಸರಿಯಾದ ಅನುವಾದವೇ, ಅಂಕ ಮಾತ್ರ ಬೇರೆ.

ಇದಕ್ಕೆ ವಿದ್ವಾಂಸರು ಒಂದು ಮದ್ದು ಕಂಡುಹಿಡಿದರು, ಮರು-ಅನುವಾದ. 1970ರಲ್ಲಿ ರಿಚರ್ಡ್ ಬ್ರಿಸ್ಲಿನ್ ಇದರ ಬಗ್ಗೆ ಬರೆದ ಲೇಖನ ಬಹಳ ಹೆಸರು ಮಾಡಿತು. ಗುವಾಮ್ ದ್ವೀಪದ ವಿಶ್ವವಿದ್ಯಾಲಯದಲ್ಲಿ ಹತ್ತು ಭಾಷೆಗಳ 94 ದ್ವಿಭಾಷಿಗಳನ್ನು ಕೂರಿಸಿ ಮಾಡಿದ ಪ್ರಯೋಗ. ವಿಧಾನ ಸರಳ. ಒಬ್ಬ ಇಂಗ್ಲಿಷಿನಿಂದ ತನ್ನ ಭಾಷೆಗೆ ತರುತ್ತಾನೆ, ಮೂಲ ನೋಡದ ಇನ್ನೊಬ್ಬ ಅದನ್ನು ಮತ್ತೆ ಇಂಗ್ಲಿಷಿಗೆ ಒಯ್ಯುತ್ತಾನೆ. ಎರಡು ಇಂಗ್ಲಿಷುಗಳು ತಾಳೆಯಾದರೆ ಅನುವಾದ ಪಾಸು.

ನಾನು ಹೊಟ್ಟೆಪಾಡಿಗೆ ಅನುವಾದ ಮಾಡುವವನು. ಒಮ್ಮೆ ಇಂಥದೇ ಒಂದು ಕನ್ನಡ ಫಾರಂ ಮರು-ಅನುವಾದಕ್ಕೆ ಬಂದಿತ್ತು. ಯಾವುದು, ಯಾರದು ಅನ್ನುವುದು ಇಲ್ಲಿ ಬೇಡ. ಕನ್ನಡ ವಾಕ್ಯ ಓದುತ್ತಿದ್ದ ಹಾಗೆ ಅದರ ಹಿಂದಿನ ಇಂಗ್ಲಿಷ್ ವಾಕ್ಯ ಕಾಣಿಸುತ್ತಿತ್ತು, ತೆಳು ಬಟ್ಟೆಯ ಹಿಂದೆ ಇರುವ ವಸ್ತುವಿನ ಹಾಗೆ. ಕನ್ನಡ ಎಷ್ಟು ಒರಟಾಗಿದ್ದರೆ ಇಂಗ್ಲಿಷ್ ಅಷ್ಟು ಸ್ಪಷ್ಟ! ‘ಭವಿಷ್ಯದ ಕುರಿತು ಆಶಾಹೀನತೆಯನ್ನು ಅನುಭವಿಸಿದ್ದೀರಾ’ ಎಂಬಂಥ ವಾಕ್ಯವನ್ನು ಇಂಗ್ಲಿಷಿಗೆ ಒಯ್ಯುವುದು ಒಂದು ನಿಮಿಷದ ಕೆಲಸ. ಮರು-ಅನುವಾದದ ಪರೀಕ್ಷೆಯಲ್ಲಿ ಅದಕ್ಕೆ ನೂರಕ್ಕೆ ನೂರು. ಆದರೆ ಚಳ್ಳಕೆರೆ ಕಡೆಯ ರೈತನೊಬ್ಬನಿಗೆ ಇದನ್ನು ಓದಿ ಹೇಳಿ ನೋಡಿ. ಅದೇ ‘ಮುಂದೆ ಏನೂ ದಾರಿ ಕಾಣ್ತಿಲ್ಲ ಅನ್ನಿಸುತ್ತಾ’ ಅಂದರೆ ರೈತನಿಗೆ ತಕ್ಷಣ ಗೊತ್ತಾಗುತ್ತದೆ, ಆದರೆ ಮರು-ಅನುವಾದಕ ದಾರಿ ಅಂತ ಬರೆಯುತ್ತಾನೆ, ಸಮಿತಿ ‘ಮೂಲದಲ್ಲಿ ದಾರಿ ಇಲ್ಲವಲ್ಲ’ ಅನ್ನುತ್ತದೆ. ಹೀಗೆ ಕೆಟ್ಟ ಕನ್ನಡ ಪಾಸು, ಒಳ್ಳೆ ಕನ್ನಡ ಫೇಲು.

ನಮ್ಮ ಮಾತುಗಳಂತೂ ಅಂಕಕ್ಕೆ ಸುಲಭವಾಗಿ ಬಗ್ಗುವಂಥವಲ್ಲ. ‘ಬೇಜಾರು’ ತಗೊಳ್ಳಿ. ಮಾಡೋಕೆ ಕೆಲಸವಿಲ್ಲದಿದ್ದರೂ ಬೇಜಾರು, ಗೆಳೆಯ ಮಾತು ತಪ್ಪಿದರೂ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರು. ಇಂಗ್ಲಿಷಿನ ಪಟ್ಟಿಯಲ್ಲಿ ಮೂರು ಬೇರೆ ಪ್ರಶ್ನೆಗಳಾಗಬಹುದಾದದ್ದು ಇಲ್ಲಿ ಒಂದೇ ಪದ. ‘ಯೋಚನೆ’ ಇನ್ನೊಂದು. ಪುಸ್ತಕದಲ್ಲಿ ಅದು ಚಿಂತನೆ, ಮನೆಯಲ್ಲಿ ಅದು ಚಿಂತೆ. ‘ಯೋಚನೆ ಮಾಡ್ಬೇಡಿ’ ಅಂತ ಹೇಳಿದಾಗ ಯಾರೂ ಬುದ್ಧಿ ಉಪಯೋಗಿಸಬೇಡಿ ಅಂತ ಅರ್ಥ ಮಾಡಿಕೊಳ್ಳುವುದಿಲ್ಲ. ‘ತಲೆಬಿಸಿ’ ಕರಾವಳಿಯಲ್ಲಿ ಚಿಂತೆ, ಇನ್ನೊಂದು ಕಡೆ ಜ್ವರ ಬಂದ ಮಗುವಿನ ಹಣೆ. ಇನ್ನು ಹೌದು-ಇಲ್ಲ ಕತೆ. ‘ನಿದ್ದೆ ಬರಲ್ವಾ?’ ಅಂತ ಕೇಳಿದರೆ ಒಬ್ಬರು ‘ಹೂಂ, ಬರಲ್ಲ’ ಅನ್ನುತ್ತಾರೆ, ಇನ್ನೊಬ್ಬರು ‘ಇಲ್ಲ, ಬರಲ್ಲ’ ಅನ್ನುತ್ತಾರೆ. ಇಬ್ಬರಿಗೂ ನಿದ್ದೆ ಇಲ್ಲ. ಬರೆದುಕೊಳ್ಳುವ ಹುಡುಗ ಮೊದಲ ಪದ ಮಾತ್ರ ಕೇಳಿಸಿಕೊಂಡು ಟಿಕ್ ಮಾಡಿದರೆ ಒಬ್ಬರಿಗೆ ಒಂದು ಅಂಕ, ಇನ್ನೊಬ್ಬರಿಗೆ ಸೊನ್ನೆ.

ಈ ತೊಂದರೆ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಮೂಲನಿವಾಸಿ ಹೊಪಿ ಜನರಲ್ಲಿ ಸ್ಪೆರೋ ಮ್ಯಾನ್ಸನ್ ಮತ್ತು ಜೊತೆಗಾರರು ಮಾಡಿದ ಕೆಲಸ 1985ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಪ್ರಶ್ನಾವಳಿಯಲ್ಲಿ ತಪ್ಪಿತಸ್ಥ ಭಾವ, ನಾಚಿಕೆ, ಪಾಪ ಮೂರನ್ನೂ ಒಂದೇ ಪ್ರಶ್ನೆಯಲ್ಲಿ ತುರುಕಿದ್ದರು. ಹೊಪಿ ಭಾಷೆಯವರು ಇದು ಒಂದಲ್ಲ, ಮೂರು ಅಂದರು. ಮೂರು ಪ್ರಶ್ನೆ ಮಾಡಬೇಕಾಯಿತು. ಅಲ್ಲಿಗೆ ಒಟ್ಟು ಅಂಕದ ಹೋಲಿಕೆಯೂ ಹೋಯಿತು.

ನಮ್ಮ ಕರ್ನಾಟಕಕ್ಕೆ ಈ ಚರಿತ್ರೆಯಲ್ಲಿ ಒಂದು ಒಳ್ಳೆಯ ಜಾಗ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಉಡುಪಿ ಜಿಲ್ಲೆಯ ಕೋಟ (ಹೌದು, ಶಿವರಾಮ ಕಾರಂತರು ಹುಟ್ಟಿದ ಊರೇ) ಒಂದು ಇಂಗ್ಲಿಷ್ ಪುಸ್ತಕದ ಶೀರ್ಷಿಕೆಯಲ್ಲಿದೆ. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಬರೆದ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’, 1976. ಅಲ್ಲಿನ ಬ್ರಾಹ್ಮಣರು, ಬಂಟರು, ಮೊಗವೀರರು ಮೂರು ಸಮುದಾಯದವರ ಮನಸ್ಸಿನ ಆರೋಗ್ಯದ ಸಮೀಕ್ಷೆ ಅದು. ಥೆರಪಿಯ ಫಲ ಅಳೆಯಲು ಮಾಡಿದ್ದಲ್ಲ. ಆದರೂ ಇಲ್ಲಿ ಹೇಳಲೇಬೇಕು, ಯಾಕೆಂದರೆ ಕಪೂರರು ವಿಲಾಯತಿ ಪಟ್ಟಿಯನ್ನು ಹಾಗೇ ಅನುವಾದ ಮಾಡಿ ಕೂರಲಿಲ್ಲ. ಇಲ್ಲಿಯ ಜನಕ್ಕೆಂದೇ ಸಂದರ್ಶನದ ಪಟ್ಟಿಗಳನ್ನು ಕಟ್ಟಿ 1974ರಲ್ಲಿ ಪ್ರಕಟಿಸಿದರು. ಮೈಮೇಲೆ ಬರುವುದು, ಮಂತ್ರವಾದಿಗಳ ಹತ್ತಿರ ಹೋಗುವುದು ಎಲ್ಲವೂ ಆ ಅಧ್ಯಯನದಲ್ಲಿ ಗಂಭೀರವಾಗಿ ಬರುತ್ತವೆ.

ಬೆಂಗಳೂರಿನ ನಿಮ್ಹಾನ್ಸ್‌ನಿಂದ 1996ರಲ್ಲಿ ಬಂದ ಇನ್ನೊಂದು ಅಧ್ಯಯನ ನನಗೆ ಇನ್ನೂ ಇಷ್ಟ. ರಘುರಾಮ್, ಮಿಚೆಲ್ ವೈಸ್, ಚನ್ನಬಸವಣ್ಣ ಮುಂತಾದವರು 80 ರೋಗಿಗಳನ್ನು ಕೂರಿಸಿಕೊಂಡು ಅವರ ಕಷ್ಟ ಏನು, ಯಾವುದನ್ನು ಹೇಳಿಕೊಳ್ಳಲು ಸಂಕೋಚ ಅಂತ ವಿಚಾರಿಸಿದರು. ಖಿನ್ನತೆಯ ಲಕ್ಷಣ ಹೆಚ್ಚಿದ್ದವರಲ್ಲಿ ಕಳಂಕದ ಭಯ ಹೆಚ್ಚು, ಮೈಕೈ ನೋವಿನ ಕಡೆಗೆ ವಾಲಿದವರಲ್ಲಿ ಕಡಿಮೆ ಅಂತ ಕಂಡುಬಂತು. ಮೈ ನೋವು ಅಂದರೆ ಯಾರೂ ಏನೂ ಅನ್ನುವುದಿಲ್ಲ, ಮನಸ್ಸಿಗೆ ಸರಿಯಿಲ್ಲ ಅಂದರೆ ಮಗಳ ಮದುವೆ ನಿಲ್ಲುತ್ತದೆ. ಇದನ್ನು ಥೆರಪಿಯ ಅಳತೆಗೆ ಹಚ್ಚಿ ನೋಡಿ. ಮೊದಲ ದಿನ ಆಕೆ ‘ಸೊಂಟ ನೋವು ಅಷ್ಟೇ’ ಅಂದು ಉಳಿದದ್ದಕ್ಕೆಲ್ಲ ಸೊನ್ನೆ ಹಾಕುತ್ತಾಳೆ. ಆರು ವಾರದಲ್ಲಿ ಥೆರಪಿಸ್ಟ್ ಮೇಲೆ ನಂಬಿಕೆ ಬಂದು ಮನಸ್ಸು ಬಿಚ್ಚುತ್ತಾಳೆ. ಅಂಕ ಏರುತ್ತದೆ! ಕಾಗದದ ಮೇಲೆ ರೋಗ ಉಲ್ಬಣ. ಇದು ನನ್ನ ತರ್ಕ, ಆ ಅಧ್ಯಯನದ್ದಲ್ಲ. ಆದರೆ ಆಸ್ಪತ್ರೆ ಕಂಡವರಿಗೆ ಇದು ಹೊಸದೇನೂ ಅನ್ನಿಸಲಾರದು.

ಬೆಂಗಳೂರು ಇನ್ನೊಂದು ಕಡೆಯೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 15 ನಗರಗಳ ಸಾಮಾನ್ಯ ಕ್ಲಿನಿಕ್ಕುಗಳಲ್ಲಿ ಸುಮಾರು 26,000 ಜನರಿಗೆ ಡೇವಿಡ್ ಗೋಲ್ಡ್‌ಬರ್ಗ್ ಅವರ 12 ಪ್ರಶ್ನೆಗಳ ಪಟ್ಟಿ ಕೊಟ್ಟಿತು. ಪುಸ್ತಕ ಬಂದಿದ್ದು 1995ರಲ್ಲಿ. ಮ್ಯಾಂಚೆಸ್ಟರ್, ನಾಗಸಾಕಿ, ಇಬಾಡಾನ್, ರಿಯೊ, ನಮ್ಮ ಬೆಂಗಳೂರು. ಪಟ್ಟಿ ಬೇರೆ ಭಾಷೆಗಳಲ್ಲೂ ಚೆನ್ನಾಗಿಯೇ ಕೆಲಸ ಮಾಡಿತು, ಆದರೆ ‘ಇಷ್ಟು ಅಂಕ ಬಂದರೆ ಕಾಯಿಲೆ’ ಅನ್ನುವ ಗೆರೆ ಊರಿಂದೂರಿಗೆ ಜಾರಾಡಿತು. 1998ರಲ್ಲಿ ಗೋಲ್ಡ್‌ಬರ್ಗ್ ಅವರೇ ಯಾಕೆ ಹೀಗೆ ಅಂತ ಇನ್ನೊಂದು ಲೇಖನ ಬರೆದರು. ಆ ಊರಿನ ಸರಾಸರಿ ಅಂಕ ನೋಡಿಕೊಂಡು ಗೆರೆ ಎಳೆಯುವುದು ಸುಮಾರಾಗಿ ಸರಿ ಅನ್ನುವುದು ಅವರ ಸಲಹೆ. ಅಂದ ಹಾಗೆ ಈ ಪಟ್ಟಿಗೆ ಇನ್ನೊಂದು ಹುಳುಕಿದೆ, ಇಂಗ್ಲಿಷಿನಲ್ಲೂ ಇದೆ. ಉತ್ತರಗಳಲ್ಲಿ ಒಂದು ‘ಎಂದಿನಂತೆ’. ಹತ್ತು ವರ್ಷದಿಂದ ನಿದ್ದೆ ಇಲ್ಲದವನು ಪ್ರಾಮಾಣಿಕವಾಗಿ ‘ಎಂದಿನಂತೆ’ ಅಂತ ಗುರುತು ಹಾಕುತ್ತಾನೆ. ಸೊನ್ನೆ!

ಹಾಗಾದರೆ ಅನುವಾದವನ್ನೇ ಬಿಟ್ಟು ಊರಿನ ಮಾತಿನಿಂದಲೇ ಶುರು ಮಾಡಿದರೆ? ಆಫ್ರಿಕಾದಲ್ಲಿ ಅದನ್ನು ಮಾಡಿದರು.

ಉಗಾಂಡದ ಮಸಾಕಾ ಮತ್ತು ರಾಕಾಯಿ ಜಿಲ್ಲೆಗಳು ಏಡ್ಸ್‌ನಿಂದ ಬಹಳ ಜನ ಸತ್ತ ಜಾಗ. ಅಲ್ಲಿ ಪಾಲ್ ಬೋಲ್ಟನ್, ಲೀನಾ ವೆರ್ಡೆಲಿ ಮತ್ತಿತರರು ಗುಂಪು ಥೆರಪಿ ಪರೀಕ್ಷಿಸಲು ಹೋದರು. ಫಾರಂ ತೆಗೆಯುವ ಮುಂಚೆ ಊರಿನವರನ್ನು ಅವರದೇ ಲುಗಾಂಡಾ ಭಾಷೆಯಲ್ಲಿ ವಿಚಾರಿಸಿದರು, ಇಲ್ಲಿ ಜನರಿಗೆ ಏನೇನು ತೊಂದರೆ ಇದೆ ಅಂತ. ಜನ ಎರಡು ಹೆಸರು ಕೊಟ್ಟರು. ಯೋಕ್ವೆಚಾವಾ, ಅಂದರೆ ತನ್ನನ್ನು ತಾನೇ ದ್ವೇಷಿಸುವುದು. ಒಕ್ವೆಕುಬಾಜಿಡಾ, ತನ್ನ ಬಗ್ಗೆ ತಾನೇ ಮರುಗುವುದು. ಎರಡನ್ನೂ ಸೇರಿಸಿದರೆ ಪುಸ್ತಕದ ಖಿನ್ನತೆಗೆ ಬಹಳ ಹತ್ತಿರ. ಆಮೇಲೆ ಹಾಪ್ಕಿನ್ಸ್ ಪಟ್ಟಿಯನ್ನು ಇದಕ್ಕೆ ತಕ್ಕಂತೆ ತಿದ್ದಿದರು. ನನಗೆ ಬಹಳ ಹಿಡಿಸಿದ್ದು ಇನ್ನೊಂದು. ದಿನನಿತ್ಯದ ಬದುಕು ಎಷ್ಟು ಸರಿಯಾಗಿದೆ ಅಂತ ಅಳೆಯಲೂ ಅವರು ಹೊರಗಿನ ಪಟ್ಟಿ ತರಲಿಲ್ಲ. ಗಂಡಸು ಏನೇನು ಮಾಡಬೇಕು, ಹೆಂಗಸು ಏನೇನು ಮಾಡಬೇಕು ಅಂತ ಅಲ್ಲಿಯವರನ್ನೇ ಕೇಳಿ ಎರಡು ಬೇರೆ ಪಟ್ಟಿ ಮಾಡಿದರು. ಬೆಳೆ ಬೆಳೆಯುವುದು, ಅಡುಗೆ, ಊರಿನ ಶವಸಂಸ್ಕಾರಕ್ಕೆ ಹೋಗುವುದು. ಸಾವಿನ ಮನೆಗೂ ಹೋಗಲಾರೆ ಅನ್ನುವಷ್ಟು ಕುಗ್ಗಿದ್ದಾನೆ ಅಂದರೆ ಅದೆಷ್ಟು ಕುಗ್ಗಿರಬಹುದು ಅಂತ ನಮ್ಮ ಹಳ್ಳಿಯವರಿಗೆ ಬಿಡಿಸಿ ಹೇಳಬೇಕೇ?

ಮೂವತ್ತು ಹಳ್ಳಿ, ಹದಿನಾರು ವಾರ. ಗುಂಪು ನಡೆಸಿದವರು ಅದಕ್ಕೆಂದೇ ಎರಡು ವಾರ ತರಬೇತಿ ಪಡೆದ ಸ್ಥಳೀಯರು. ಫಲಿತಾಂಶ ಬಂದಿದ್ದು 2003ರಲ್ಲಿ. ಥೆರಪಿ ಪಡೆದ ಹಳ್ಳಿಗಳಲ್ಲಿ ಖಿನ್ನತೆಯ ಅಂಕ ಸರಾಸರಿ 17.47 ಇಳಿದಿತ್ತು, ಉಳಿದ ಹಳ್ಳಿಗಳಲ್ಲಿ 3.55.

ಜಿಂಬಾಬ್ವೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗೋವಾ ಕೆಲಸಗಳಿಂದ ನಮಗೆ ಗೊತ್ತಿರುವ ವಿಕ್ರಮ್ ಪಟೇಲ್ ಅದಕ್ಕೂ ಮೊದಲು ಹರಾರೆಯಲ್ಲಿದ್ದರು. ಅಲ್ಲಿ ಕ್ಲಿನಿಕ್ಕಿನ ರೋಗಿಗಳು, ನಾಟಿ ವೈದ್ಯರ ಹತ್ತಿರ ಬರುವವರು ಆಡುವ ಮಾತುಗಳಿಂದ ಶೋನಾ ಭಾಷೆಯಲ್ಲೇ 14 ಪ್ರಶ್ನೆಗಳ ಪಟ್ಟಿ ಕಟ್ಟಿ 1997ರಲ್ಲಿ ಪ್ರಕಟಿಸಿದರು. ಅಲ್ಲಿಯ ಮುಖ್ಯ ಪದ ಕುಫುಂಗಿಸಿಸಾ, ಅತಿಯಾಗಿ ಯೋಚಿಸುವುದು. ನಮ್ಮ ‘ಯೋಚನೆ ಹತ್ತಿಕೊಂಡಿದೆ’ಗೆ ಅಣ್ಣನೋ ತಮ್ಮನೋ ಆಗಬೇಕು. ಡಿಕ್ಸನ್ ಚಿಬಾಂಡಾ ಅವರ ‘ಗೆಳೆತನದ ಬೆಂಚು’ ಕೇಳಿರಬಹುದು, ಕ್ಲಿನಿಕ್ಕಿನ ಅಂಗಳದ ಮರದ ಬೆಂಚಿನ ಮೇಲೆ ಅಜ್ಜಿಯರು ಕೂತು ಕಷ್ಟ ಕೇಳುವ ಯೋಜನೆ. 2016ರಲ್ಲಿ ಅದರ ಫಲ ಅಳೆದಿದ್ದು ಇದೇ ಶೋನಾ ಪಟ್ಟಿಯಿಂದ. 573 ಜನ, ಆರು ತಿಂಗಳ ನಂತರ ಬೆಂಚಿನವರ ಸರಾಸರಿ 3.81, ಮಾಮೂಲಿ ಚಿಕಿತ್ಸೆಯವರದು 8.90.

ಆದರೆ ಇದಕ್ಕೂ ಬೆಲೆ ತೆರಬೇಕು. ಶೋನಾ ಪಟ್ಟಿಯ 3.81ನ್ನು ಲುಗಾಂಡಾದ 17.47ರ ಪಕ್ಕ ಇಟ್ಟು ಯಾವ ಥೆರಪಿ ಮೇಲು ಅಂತ ನೇರವಾಗಿ ಕೇಳುವ ಹಾಗಿಲ್ಲ. ಊರಿನ ಮಾತಿಗೆ ಹತ್ತಿರವಾದಷ್ಟೂ ಹೊರಗಿನ ಹೋಲಿಕೆಗೆ ದೂರ. ನಾನಂತೂ ಊರಿನ ಮಾತಿನ ಪಕ್ಷ. ಫಾರಂ ತುಂಬುವವಳಿಗೆ ಅರ್ಥವಾಗದೆ ಜಿನೀವಾದಲ್ಲಿ ಕೂತವರಿಗೆ ಅರ್ಥವಾಗುವ ಅಂಕ ಯಾರಿಗೆ ಬೇಕು? ಅನುವಾದವೂ ಬೇಕು, ಅರ್ಥವೂ ಬೇಕು ಅನ್ನುವವರಿಗೆ ನಡುವಿನ ಒಂದು ದಾರಿಯೂ ಇದೆ. 1998ರಲ್ಲಿ ಬ್ರಿಟನ್ನಿನಲ್ಲಿ ಬಂದ 34 ಪ್ರಶ್ನೆಗಳ ಕೋರ್-ಓಎಂ ಅನ್ನುವ ಪಟ್ಟಿ ನಕಲು ಮಾಡಲು ಉಚಿತ, ಆದರೆ ಮನಸ್ಸಿಗೆ ಬಂದಂತೆ ಅನುವಾದಿಸುವ ಹಾಗಿಲ್ಲ. ವೃತ್ತಿಯವರು, ಅನುವಾದಕರು, ಸಾಮಾನ್ಯ ಜನ ಬೇರೆ ಬೇರೆಯಾಗಿ ಹಲವು ಅನುವಾದ ಮಾಡಿ, ಒಂದು ಕೋಣೆಯಲ್ಲಿ ಕೂತು ಸಾಲು ಸಾಲಿಗೂ ಜಗಳವಾಡಿ ಒಂದಕ್ಕೆ ಬರಬೇಕು. ಮರು-ಅನುವಾದಕ್ಕೆ ಅಲ್ಲಿ ಎರಡನೇ ಜಾಗ. ಗೋವಾದಲ್ಲಿ 2008ರಲ್ಲಿ ಪಟೇಲರ ತಂಡ ಇನ್ನೊಂದು ಥರ ಮಾಡಿತು, ಐದು ಅನುವಾದಿತ ಪಟ್ಟಿಗಳನ್ನು ಒಂದೇ ಕ್ಲಿನಿಕ್ಕುಗಳ ಜನರ ಮೇಲೆ ಪಕ್ಕಪಕ್ಕದಲ್ಲಿ ಪರೀಕ್ಷಿಸಿತು. ಗೋಲ್ಡ್‌ಬರ್ಗ್ ಪಟ್ಟಿ ಮುಂದೆ ಬಂತು, ಉಳಿದವೂ ತೀರಾ ಹಿಂದೇನೂ ಬೀಳಲಿಲ್ಲ.

ಮತ್ತೆ ಆ ಡಚ್ ಹೆಂಗಸು. ಅವಳ ಗೆರೆ ಯಾಕೆ ಕೆಳಗಿದೆ? ಡಚ್ಚರು ನಿಜವಾಗಿಯೂ ಹೆಚ್ಚು ನೆಮ್ಮದಿಯಾಗಿರಬಹುದು. ಕಷ್ಟ ಇದ್ದರೂ ‘ಪರವಾಗಿಲ್ಲ’ ಅನ್ನುವ ಜನರಿರಬಹುದು. ಡಚ್ ವಾಕ್ಯಗಳು ಇಂಗ್ಲಿಷಿಗಿಂತ ಬಿಗಿಯಾಗಿರಬಹುದು. ಅಂಕ ಮಾತ್ರ ನೋಡಿದರೆ ಈ ಮೂರರಲ್ಲಿ ಯಾವುದು ಅಂತ ಬೇರ್ಪಡಿಸಲು ಆಗುವುದಿಲ್ಲ. ಒಂದೊಂದು ಪ್ರಶ್ನೆಯನ್ನೂ ತೆಗೆದು, ಒಂದೇ ಮಟ್ಟದ ಕಷ್ಟ ಇರುವ ಇಬ್ಬರು ಎರಡು ಭಾಷೆಯಲ್ಲಿ ಒಂದೇ ಉತ್ತರ ಕೊಡುತ್ತಾರೆಯೇ ಅಂತ ಲೆಕ್ಕ ಹಾಕಬೇಕು. ಅದಕ್ಕೆ ಸಾವಿರಾರು ಫಾರಂ ಬೇಕು, ಪುರುಸೊತ್ತು ಬೇಕು. ಹೀಗಾಗಿ ಬಹಳ ಕಡೆ ಅಮೆರಿಕದ ಗೆರೆಯನ್ನೇ ಎರವಲು ತಂದು ಕೆಲಸ ಸಾಗಿಸುತ್ತಾರೆ.

ಈಗ ನಿಮಗೊಂದು ಕೆಲಸ. ನಾನು ಕನ್ನಡದಲ್ಲಿ ಮನಸ್ಸು ಕುಗ್ಗಿದ್ದನ್ನು ಹೇಳುವ ಮಾತುಗಳ ಪಟ್ಟಿ ಮಾಡುತ್ತಿದ್ದೇನೆ. ಬೇಜಾರು, ಯೋಚನೆ, ತಲೆಬಿಸಿ, ಸಂಕಟ, ‘ಜೀವಕ್ಕೆ ಸಾಕಾಗಿದೆ’, ‘ಯಾತಕ್ಕೂ ಮನಸ್ಸಿಲ್ಲ’ ಇಷ್ಟಾಗಿದೆ. ಖಿನ್ನತೆ ಬೇಡ, ಅದನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ. ಧಾರವಾಡ, ಬೀದರ್ ಕಡೆಯವರು, ಕೊಳ್ಳೇಗಾಲದವರು, ಕುಂದಾಪ್ರದವರು, ನಿಮ್ಮ ಅಜ್ಜಿ ಏನನ್ನುತ್ತಿದ್ದರು ಅಂತ ನೆನಪು ಮಾಡಿಕೊಂಡು ಕೆಳಗೆ ಬರೆಯಿರಿ, ಯಾವಾಗ ಆ ಮಾತು ಬರುತ್ತಿತ್ತು ಅನ್ನುವುದನ್ನೂ ಸೇರಿಸಿ.